ವಯರಿನ ಆಚೆಯಿಂದ ನೀರು ಕೇಳಿದವರು

ನಗುವವರು ನಗಲಿ. ನಾನು ಕಥೆ ಕಟ್ಟುವವಳಲ್ಲ. ಕಾನ್ವೆಂಟಿನಲ್ಲಿ ಪ್ರಬಂಧ ಬರೆಯಲು ಹೇಳಿದರೆ ಹಸುವಿನ ಬಗ್ಗೆ ಅರ್ಧ ಪುಟ ಬರೆದು ಪೆನ್ಸಿಲು ಕಚ್ಚುತ್ತಾ ಕೂರುತ್ತಿದ್ದವಳು. ಅಂಥವಳಿಗೆ ಇಷ್ಟು ಉದ್ದದ್ದನ್ನು ಕಲ್ಪಿಸಲು ಎಲ್ಲಿಂದ ಬರಬೇಕು? ನಾನು ಕಂಡದ್ದು, ಕೇಳಿದ್ದು ಇಷ್ಟೇ. ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ.

ಎಂಬತ್ತರ ದಶಕದ ಕೊನೆಯ ಮಾತು. ಮಂಗಳೂರಿನ ಫಳ್ನೀರಿನ ನಮ್ಮ ಮನೆಯಲ್ಲಿ ಇದ್ದದ್ದು ನಾನು, ನನ್ನ ಗಂಡ ಜಗದೀಶ, ಅವರ ಅಮ್ಮ. ಅತ್ತೆಯನ್ನು ನಾವು ಮಾಮಿ ಎನ್ನುತ್ತೇವೆ. ಇವರದ್ದು, ಎಂದರೆ ನನ್ನ ಗಂಡನದ್ದು, ಬಂದರಿನ ಹತ್ತಿರ ಹೊಟೇಲು. ಹೊಟೇಲಿನ ಜೊತೆಗೆ ಕಂಪ್ಯೂಟರಿನ ಮರುಳು. ಮಾಳಿಗೆಯ ಕೋಣೆಯಲ್ಲಿ ಒಂದು ದೊಡ್ಡ ಕಂಪ್ಯೂಟರ್, ಒಂದು ಪ್ರಿಂಟರ್, ಎರಡಕ್ಕೂ ಸೇರಿ ಒಂದು ಏಸಿ ಇಟ್ಟಿದ್ದರು. ಊರಿನ ನಾಲ್ಕಾರು ಜನರಿಗೆ ಬೇಕಾದದ್ದನ್ನು ಅದರಲ್ಲಿ ಅಚ್ಚು ಮಾಡಿ ಕೊಡುವುದು ಅವರ ಹೊಸ ಉದ್ಯೋಗ.

"ಮಿಷನಿಗೆ ಏಸಿ, ನನಗೆ ಬೀಸಣಿಗೆ. ಬರುವ ಜನ್ಮದಲ್ಲಿ ನಾನೂ ಮಿಷನ್ ಆಗಿ ಹುಟ್ಟುತ್ತೇನೆ" ಎಂದು ಮಾಮಿ ಹೇಳುವುದಿತ್ತು.

ಆ ಕೋಣೆಗೆ ದೇವರ ಕೋಣೆಗಿಂತ ಹೆಚ್ಚು ಮಡಿ. ಚಪ್ಪಲಿ ಹೊರಗೆ. ಊದುಬತ್ತಿ ಇಲ್ಲ. ಮುಖ್ಯವಾಗಿ, ನೀರು ಒಳಗೆ ತರಬಾರದು. ನನಗೆ ಇದೇ ದೊಡ್ಡ ಸಂಕಟ. ನಮ್ಮಲ್ಲಿ ಯಾರು ಮೆಟ್ಟಿಲು ಹತ್ತಿ ಬಂದರೂ, ಬಂದದ್ದು ಯಾಕೆಂದು ಕೇಳುವ ಮೊದಲೇ ಒಂದು ಲೋಟ ನೀರು, ಒಂದು ತುಂಡು ಬೆಲ್ಲ ತಂದಿಡುವುದು ಕ್ರಮ. ಬೇಸಿಗೆಯಲ್ಲಿ ಬೆವರಿ ಬಂದವರನ್ನು ಒಣ ಬಾಯಲ್ಲಿ ಕೂರಿಸಿ "ಪೇಪರ್ ತಂದಿದ್ದೀರಾ?" ಎಂದು ಕೇಳಲು ನನಗೆ ನಾಲಗೆ ಏಳುತ್ತಿರಲಿಲ್ಲ.

ನಾನು ಕಾನ್ವೆಂಟಿನಲ್ಲಿ ಟೈಪಿಂಗ್ ಕಲಿತವಳು. ಬೆನ್ನು ನೆಟ್ಟಗೆ, ಕಣ್ಣು ಕಾಗದದ ಮೇಲೆ... ಸಿಸ್ಟರ್ ಬೆರಳ ಗಂಟಿಗೆ ಸ್ಕೇಲಿನಲ್ಲಿ ಹೊಡೆದು ಕಲಿಸಿದ ವಿದ್ಯೆ. ಆ ವರ್ಷ ಮೊದಲ ಬಾರಿಗೆ ನನಗೂ ಒಂದು ಕೆಲಸ ಸಿಕ್ಕಿತು. ಹಾಸನದ ಕಡೆಯ ಒಬ್ಬ ಯುವ ಡಾಕ್ಟರು, ವಿನಯ್ ಎಂದಿಟ್ಟುಕೊಳ್ಳಿ, ಇಲ್ಲಿನ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಓದುತ್ತಿದ್ದರು. ಅವರ ಥೀಸಿಸ್ ಟೈಪ್ ಮಾಡಬೇಕಿತ್ತು. ವಾಂತಿಭೇದಿಯಾಗಿ ಮೈಯ ನೀರು ಬತ್ತಿಹೋದ ಮಕ್ಕಳ ಮೇಲೆ ಮಾಡಿದ ಅಧ್ಯಯನ ಅದು. ಮಕ್ಕಳ ಹೆಸರಿಲ್ಲ, ಬರೀ ನಂಬ್ರ.

ಹಗಲಿಡೀ ದೊಡ್ಡ ಕಂಪ್ಯೂಟರ್ ಇವರ ಕೈಯಲ್ಲಿ. ಆದ್ದರಿಂದ ನಾನು ಅಡುಗೆಮನೆಯ ಪಕ್ಕ ಕುಳಿತು ಚಿಕ್ಕ ಕಂಪ್ಯೂಟರಿನಲ್ಲಿ ಟೈಪ್ ಮಾಡಿದೆ. ಇವರ ಗೆಳೆಯ ಹಮೀದ್ ದುಬೈಯಿಂದ ತಂದು ಕೊಟ್ಟದ್ದು. ನೋಡಲು ಬರೀ ಒಂದು ಕೀಬೋರ್ಡು. ಟೀವಿಗೆ ಸಿಕ್ಕಿಸಿದರೆ ಅಕ್ಷರ ಕಾಣುತ್ತದೆ, ಬರೆದದ್ದು ಹಾಡಿನ ಕ್ಯಾಸೆಟ್ಟಿನಲ್ಲಿ ಉಳಿಯುತ್ತದೆ. ಕುಕ್ಕರಿನ ಸೀಟಿ ಎಣಿಸುತ್ತಾ ಇಡೀ ಥೀಸಿಸ್ ಮುಗಿಸಿದೆ.

ಮುಗಿದ ಮೇಲೆ ಗೊತ್ತಾಯಿತು, ಚಿಕ್ಕದರಲ್ಲಿ ಇರುವುದನ್ನು ದೊಡ್ಡದಕ್ಕೆ ದಾಟಿಸಲು ದಾರಿಯೇ ಇಲ್ಲ! ಇದಕ್ಕೆ ಕ್ಯಾಸೆಟ್ಟು, ಅದಕ್ಕೆ ಡಿಸ್ಕು. ಪ್ರಿಂಟರ್ ದೊಡ್ಡದರ ಮಾತನ್ನು ಮಾತ್ರ ಕೇಳುತ್ತದೆ. ಡಾಕ್ಟರಾದರೋ ಮರುದಿನ ಬೆಳಗ್ಗಿನ ಬಸ್ಸಿಗೆ ಬೆಂಗಳೂರಿಗೆ ಹೊರಡುವವರು. ಕೊಡಲು ಅದೇ ಕೊನೆಯ ದಿನ. ತಪ್ಪಿದರೆ ಆ ಸಲದ ಪರೀಕ್ಷೆಗೆ ಕೂರುವ ಹಾಗಿಲ್ಲ.

"ಮೊದಲೇ ಹೇಳಲಿಕ್ಕೆ ಎಂತ ಆಗಿತ್ತು ನಿಮಗೆ?" ಎಂದು ನಾನು ಇವರ ಮೇಲೆ ರೇಗಿದೆ.

"ಹಮೀದನ ಹತ್ತಿರ ಒಂದು ಐಡಿಯಾ ಉಂಟು. ಸ್ವಲ್ಪ ತಡಿ ಮಾರಾಯ್ತಿ."

ಹಮೀದ್ ಸಂಜೆ ಬಂದ. ಅವನ ಮನೆ ಬಂದರಿನಲ್ಲಿ, ಅಪ್ಪನದ್ದು ಸಗಟು ವ್ಯಾಪಾರ. ಅವನಿಗೆ ಮಾತ್ರ ರೇಡಿಯೋ, ವಯರು, ಬೆಸುಗೆಯೇ ಪ್ರಾಣ. ಚಿಕ್ಕ ಕಂಪ್ಯೂಟರನ್ನು ಟೀವಿ, ಟೇಪ್ ರೆಕಾರ್ಡರಿನ ಸಮೇತ ಮಾಳಿಗೆಗೆ ಒಯ್ದು ದೊಡ್ಡದರ ಪಕ್ಕ ಇಟ್ಟ. ದೊಡ್ಡದರ ಕೀಬೋರ್ಡನ್ನು ಬಿಚ್ಚಿ ಗೋಡೆಗೆ ಒರಗಿಸಿದ. ಕೀಬೋರ್ಡಿನ ಪಿನ್ನು ಸಿಕ್ಕುವ ಆ ದುಂಡಗಿನ ತೂತಿಗೆ ತಾನು ಮಾಡಿ ತಂದ ವಯರನ್ನು ತುರುಕಿದ.

"ನೋಡಿ ಅಕ್ಕ, ಇನ್ನು ನಿಮ್ಮ ಸಣ್ಣದೇ ಇದರ ಕೀಬೋರ್ಡ್. ಕ್ಯಾಸೆಟ್ಟಿನಲ್ಲಿ ಇದ್ದದ್ದನ್ನು ಅದು ಓದಿ, ಒಂದೊಂದೇ ಅಕ್ಷರ ಈ ತೂತಿನಿಂದ ಒಳಗೆ ಒತ್ತುತ್ತದೆ. ಕ್ಯಾಸೆಟ್ಟಿನದ್ದು ಮಾತ್ರ ಹೋಗುವುದು, ಸಣ್ಣದರ ಕೀ ಒತ್ತಿದರೆ ಎಂತದೂ ಹೋಗುವುದಿಲ್ಲ. ದೊಡ್ಡದು ಯಾರೋ ಕೂತು ಟೈಪ್ ಮಾಡ್ತಾ ಇದ್ದಾರೆ ಅಂತ ಎಣಿಸ್ತದೆ."

"ಅದಕ್ಕೆ ಗೊತ್ತಾಗುವುದಿಲ್ವಾ?"

"ಅದಕ್ಕೆ ಎಂತ ಗೊತ್ತುಂಟು? ಯಾರು ಒತ್ತಿದರೂ ಬರೀತದೆ. ಪಾಪದ್ದು."

ಕ್ಯಾಸೆಟ್ಟು ಕಿರ್ರೆಂದು ಚೀರಿತು. ಮರುಕ್ಷಣ ದೊಡ್ಡದರ ಹಸಿರು ಪರದೆಯ ಮೇಲೆ ನಾನು ಟೈಪ್ ಮಾಡಿದ ಸಾಲುಗಳು ಒಂದೊಂದೇ ಅಕ್ಷರವಾಗಿ ಮೂಡತೊಡಗಿದವು. ಅಷ್ಟು ಹೊತ್ತು ಜಗಳ ಕಾದಿದ್ದ ನಾನೂ ಚಪ್ಪಾಳೆ ತಟ್ಟಿದೆ.

ಇವರಿಗೆ ಅಂದು ಹೊಟೇಲಿನಲ್ಲಿ ಮದುವೆಯ ಆರ್ಡರು. ಹಮೀದನನ್ನು ಬಂದರಿಗೆ ಬಿಡುತ್ತೇನೆಂದರು, ಇಬ್ಬರೂ ಸ್ಕೂಟರಿನಲ್ಲಿ ಹೊರಟರು. "ಕ್ಯಾಸೆಟ್ಟು ಮುಗಿದಾಗ ಮುಂದಿನದ್ದು ಹಾಕಿದರೆ ಸಾಕು. ಒಂದು ಭಾಗ ಮುಗಿದ ಹಾಗೆ ಅದೇ ಉಳಿಸಿಕೊಳ್ಳುತ್ತದೆ. ವಯರು ಮಾತ್ರ ಮುಟ್ಟಬೇಡ" ಎಂದರು ಇವರು.

ಮಾಮಿ ಊಟ ಮಾಡಿ ಕೆಳಗೆ ಮಲಗಿದರು. ಮಾಳಿಗೆಯಲ್ಲಿ ನಾನೊಬ್ಬಳೇ.

ಮೊದಮೊದಲು ಚೆನ್ನಾಗಿಯೇ ಇತ್ತು. ಹೊರಗೆ ಮೇ ತಿಂಗಳ ಬೇಗೆ, ಒಂದೆಲೆ ಅಲ್ಲಾಡುವುದಿಲ್ಲ. ಒಳಗೆ ಏಸಿಯ ತಂಪು, ಹೊಸ ಪ್ಲಾಸ್ಟಿಕ್ಕಿನ ವಾಸನೆ, ಸ್ಟೆಬಿಲೈಸರಿನ ಗುಂಯ್. ಅಕ್ಷರಗಳು ತಮ್ಮಷ್ಟಕ್ಕೆ ನಡೆಯುತ್ತಿದ್ದವು. ಆದರೆ ಹಾಗೆ ಸುಮ್ಮನೆ ನೋಡುತ್ತಾ ಕೂರುವುದು ಒಂದು ಥರ... ಪರದೆಯ ಮುಂದಿನ ಕುರ್ಚಿ ಖಾಲಿ. ಆದರೂ ಯಾರೋ ಅದರಲ್ಲಿ ಕುಳಿತು ನಿಲ್ಲದೆ ಟೈಪ್ ಮಾಡುತ್ತಿರುವ ಹಾಗೆ! ನಾನು ಆ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟೆ.

ಆಮೇಲೆ ಕರೆಂಟು ಹೋಯಿತು.

ಬಂದ ಮೇಲೆ ಆ ಕ್ಯಾಸೆಟ್ಟನ್ನು ಮೊದಲಿನಿಂದ ಹಾಕಬೇಕಾಯಿತು. ಅರ್ಧಕ್ಕೆ ಬರುವಾಗ ಮತ್ತೆ ಹೋಯಿತು. ಮೂರನೆಯ ಸಲ ಟೇಪು ಸಿಕ್ಕಿಹಾಕಿಕೊಂಡಿತು. ಪೆನ್ಸಿಲು ತುರುಕಿ ಸುತ್ತಿ ಸರಿ ಮಾಡಿದೆ. ಅಳು ಬರುವಷ್ಟು ಸಿಟ್ಟು. ಕೈಯಲ್ಲಿ ಟೈಪ್ ಮಾಡಿದ್ದರೆ ಇಷ್ಟು ಹೊತ್ತಿಗೆ ಕಾಲುಭಾಗ ಮುಗಿಸುತ್ತಿದ್ದೆ. ತಂತ್ರಜ್ಞಾನವಂತೆ!

ಅಂತೂ ಸಾಲುಗಳು ಹರಿದವು. ಮಕ್ಕಳ ವಿವರದ ಭಾಗ ಬಂತು. ಒಂದು ಗಂಡು ಮಗು, ಐದು ವರ್ಷ. ಆ ಭಾಗವನ್ನು ಟೈಪ್ ಮಾಡಿದ ದಿನ ನನ್ನ ಕೈ ತಡೆದದ್ದು ನೆನಪಿತ್ತು, ಯಾಕೆಂದರೆ ಆ ಮಗು ಉಳಿದಿರಲಿಲ್ಲ. 'ಬಾಯಿಗೆ ಕೊಟ್ಟ ನೀರನ್ನು ಮಗು ನಿರಾಕರಿಸಿತು' ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಬರೆದಿದ್ದರು. ಪರದೆಯ ಮೇಲೆ ಆ ವಾಕ್ಯ ಮೂಡಿತು.

ಅಲ್ಲಿಗೆ ಅಕ್ಷರಗಳು ನಿಂತವು.

ಕ್ಯಾಸೆಟ್ಟು ತಿರುಗುತ್ತಲೇ ಇತ್ತು. 'ಪುನಃ ಶುರುವಾಯಿತು ಇದರ ಕಿರಿಕಿರಿ' ಎಂದುಕೊಂಡು ನಾನು ಬಗ್ಗಿದೆ. ಆಗ ಹೊಸ ಸಾಲಿನಲ್ಲಿ, ತಡೆದು ತಡೆದು, ಒಂದು ಕೈಯ ಒಂದೇ ಬೆರಳಿನಲ್ಲಿ ಒತ್ತಿದ ಹಾಗೆ ಅಕ್ಷರಗಳು ಬಂದವು. ಇಂಗ್ಲಿಷ್ ಅಕ್ಷರ, ತುಳು ಮಾತು.

ಒಂತೆ ನೀರ್ ಕೊರ್ಲೆ.

ಸ್ವಲ್ಪ ನೀರು ಕೊಡಿ.

ನನಗೆ ಹೆದರಿಕೆಯಾಗಲಿಲ್ಲ. ಮೈಯೆಲ್ಲ ಉರಿಯಿತು. ಹಮೀದನ ಕುಚೋದ್ಯ! ಇಂಥ ದಿನ ತಮಾಷೆಯಾ? ಕೆಳಗೆ ಹೋಗಿ ಹೊಟೇಲಿಗೆ ಫೋನು ತಿರುಗಿಸಿದೆ. ಇವರ ಹಿಂದೆ ಪಾತ್ರೆಗಳ ಸದ್ದು.

"ಹಮೀದ್ ಎಂತದ್ದೋ ಮಾಡಿಟ್ಟಿದ್ದಾನೆ. ಮಧ್ಯದಲ್ಲಿ ತುಳು ಬರ್ತಾ ಉಂಟು."

"ತುಳುವಾ? ಅವನು ನನ್ನ ಜೊತೆಯಲ್ಲೇ ಇದ್ದಾನೆ, ಬಿರಿಯಾನಿ ತಿಂತಾ. ಮಾರಾಯ್ತಿ, ನಿನಗೆ ನಿದ್ದೆ ಬಂದಿದೆ. ಮುಖ ತೊಳ್ಕೊ."

"ನಾನು ಎಚ್ಚರ ಇದ್ದೇನೆ!"

"ಹಾಗಾದ್ರೆ ವಯರಿನಲ್ಲಿ ನಾಯ್ಸ್, ರೇಡಿಯೋದ ಗರಗರ ಇದ್ದ ಹಾಗೆ. ಅಳಿಸಿದರಾಯ್ತು. ಇಲ್ಲಿ ಐನೂರು ಎಲೆ ಹಾಕ್ಲಿಕ್ಕುಂಟು, ಇಡು."

ಅಳಿಸುವುದು ಯಾವುದರಲ್ಲಿ? ಕೀಬೋರ್ಡು ಗೋಡೆಗೆ ಒರಗಿ ಕುಳಿತಿದೆ! ಇಷ್ಟನ್ನು ಹೇಳುವ ಮೊದಲೇ ಫೋನು ಇಟ್ಟಿದ್ದರು.

ನಾನು ಮೇಲೆ ಬರುವಷ್ಟರಲ್ಲಿ ಅದೇ ಸಾಲು ಪರದೆಯ ಕೆಳಗಿನವರೆಗೂ ಇಳಿದಿತ್ತು. ಒಂತೆ ನೀರ್ ಕೊರ್ಲೆ. ಒಂತೆ ನೀರ್ ಕೊರ್ಲೆ...

ಟೇಪ್ ರೆಕಾರ್ಡರಿನ ಗುಂಡಿ ಒತ್ತಿ ನಿಲ್ಲಿಸಿದೆ. ಅಕ್ಷರ ನಿಲ್ಲಲಿಲ್ಲ.

ಚಿಕ್ಕ ಕಂಪ್ಯೂಟರನ್ನು ಆರಿಸಿದೆ. ಟೀವಿ ಕಪ್ಪಾಯಿತು. ಅಕ್ಷರ ನಿಲ್ಲಲಿಲ್ಲ.

ವಯರು ಮುಟ್ಟಬೇಡ ಎಂದಿದ್ದರು. ಮುಟ್ಟಿದೆ. ಎಳೆದೆ. ಆ ಐದು ಸಣ್ಣ ಪಿನ್ನುಗಳು ನನ್ನ ಅಂಗೈಯಲ್ಲಿ ಚುಚ್ಚುತ್ತಿದ್ದವು. ದೊಡ್ಡ ಕಂಪ್ಯೂಟರಿನ ತೂತು ಬರಿದಾಗಿತ್ತು. ಒಳಗೆ ಹೋಗಲು ಬೇರೆ ದಾರಿಯಿಲ್ಲ. ಆದರೂ ಹಸಿರು ಅಕ್ಷರಗಳು ಬರುತ್ತಲೇ ಇದ್ದವು, ಮೊದಲಿಗಿಂತ ನಿಧಾನವಾಗಿ... ದಣಿದವರ ಹಾಗೆ. ಕಡೆಕಡೆಗೆ ಇಡೀ ವಾಕ್ಯವೂ ಇಲ್ಲ. ನೀರ್. ನೀರ್.

ಈಗ ಸಿಟ್ಟು ಇಳಿಯಿತು. ವಯರನ್ನು ಮೇಜಿನ ಮೇಲೆ ಬಿಟ್ಟು ಹಿಂದೆ ಸರಿದೆ.

ಏಸಿಯ ಗಾಳಿಯಲ್ಲಿ ಬೇರೆ ವಾಸನೆ. ಡೆಟ್ಟಾಲಿನ ಜೊತೆ ಮಕ್ಕಳು ಕಕ್ಕಿದ ಹಾಲಿನ ಹುಳಿ ವಾಸನೆ. ಆ ಗುಂಯ್ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದು, ನಾನು ತಿರುಗಿಸಿಟ್ಟ ಕುರ್ಚಿಯ ಕಡೆಯಿಂದ. ತೀರಾ ಸಣ್ಣದು. ಒಣಗಿದ ತುಟಿಗಳು ಅಂಟಿಕೊಂಡು ಬಿಡಿಸಿಕೊಳ್ಳುವಾಗ ಆಗುತ್ತದಲ್ಲ, ಅಂಥದ್ದು. ಚಿಪ್... ಚಿಪ್...

ಬಾಯಿಗೆ ಬಂದದ್ದು ಮನೆದೇವರ ಹೆಸರಲ್ಲ, ಶಾಲೆಯಲ್ಲಿ ಬೆಳಗ್ಗೆ ಸಾಲಾಗಿ ನಿಂತು ಹೇಳುತ್ತಿದ್ದ ಇಂಗ್ಲಿಷ್ ಪ್ರಾರ್ಥನೆ. ಅದನ್ನೂ ಅರ್ಧದಲ್ಲಿ ಮರೆತೆ. ಮೆಟ್ಟಿಲು ಹೇಗೆ ಇಳಿದೆನೋ ತಿಳಿಯದು.

ಕೆಳಗೆ ಮಾಮಿಯ ಕೋಣೆ ಕತ್ತಲೆ. ಒಳಗಿನಿಂದ ಅವರ ಸ್ವರ ಬಂತು, ನಿದ್ದೆಗಣ್ಣಿನದ್ದಲ್ಲ.

"ಯಾರು ಬಂದದ್ದು?"

"ಯಾರೂ ಇಲ್ಲ ಮಾಮಿ. ನಾನು."

"ನಿನ್ನ ಹೆಜ್ಜೆ ನನಗೆ ಗೊತ್ತಿಲ್ವಾ? ಆಗ ಯಾರೋ ಮೇಲೆ ಹತ್ತಿದರು. ಬರಿಗಾಲು." ಎಂದಿನ ಗದರುವ ದನಿಯಲ್ಲಿ ಕೇಳಿದರು, "ಬೆಲ್ಲ ನೀರು ಕೊಟ್ಟಿಯಾ?"

ನನ್ನ ಹೆದರಿಕೆ ಇಳಿದದ್ದು ಆಗಲೇ ಎಂದರೆ ನೀವು ನಂಬಲಿಕ್ಕಿಲ್ಲ. ಮನೆಗೆ ಯಾರೋ ಬಂದಿದ್ದಾರೆ, ನೀರು ಕೇಳಿದ್ದಾರೆ, ನಾನು ಕೊಟ್ಟಿಲ್ಲ. ಇದು ನನಗೆ ತಿಳಿದ ಕೆಲಸ.

ಹೂಜಿಯಿಂದ ಸ್ಟೀಲಿನ ಲೋಟಕ್ಕೆ ನೀರು ಬಗ್ಗಿಸಿದೆ. ಡಬ್ಬಿಯಿಂದ ಬೆಲ್ಲದ ತುಂಡು ಮುರಿದೆ. ತಟ್ಟೆಯಲ್ಲಿಟ್ಟು ಮಾಳಿಗೆಗೆ ಹತ್ತಿದೆ. ಆ ಕೋಣೆಯ ಹೊಸ್ತಿಲನ್ನು ನೀರು ದಾಟಿದ್ದು ಅದೇ ಮೊದಲು. ಗೋಡೆಗೆ ಮುಖ ಮಾಡಿದ್ದ ಕುರ್ಚಿಯನ್ನು ತಿರುಗಿಸಿ ಸರಿಯಾಗಿಟ್ಟು, ಅದರ ಮುಂದೆ ಮೇಜಿನ ಮೇಲೆ ತಟ್ಟೆ ಇಟ್ಟೆ. ಅತಿಥಿಗಳಿಗೆ ಹೇಳುವ ಹಾಗೆಯೇ ಹೇಳಿದೆ. ದನಿ ಮಾತ್ರ ಹೊರಗೆ ಬಂತೋ ಇಲ್ಲವೋ.

"ನೀರ್ ಪರ್ಲೆ..." ನೀರು ಕುಡಿಯಿರಿ.

ಅಕ್ಷರ ನಿಂತಿತು.

ಪರದೆಯ ಮೇಲೆ ಆ ಚಿಕ್ಕ ಗೆರೆ ಮಿಣುಕುತ್ತಾ ಕಾಯುತ್ತಿತ್ತು, ಅಷ್ಟೆ. ತುಟಿಯ ಸದ್ದಿಲ್ಲ. ವಾಸನೆ ಯಾವಾಗ ಹೋಯಿತೋ ಗೊತ್ತಾಗಲಿಲ್ಲ. ನಾನು ಬಾಗಿಲಿಗೆ ಬೆನ್ನು ಕೊಟ್ಟು ಎಷ್ಟು ಹೊತ್ತು ನಿಂತೆನೋ. ಕೆಳಗೆ ಓಡಿಹೋಗಬಹುದಿತ್ತು. ಆದರೆ ಬೆಳಗ್ಗೆ ಆ ಡಾಕ್ಟರು ಬಂದಾಗ ಯಾವ ಮುಖದಲ್ಲಿ ಬರಿಗೈ ತೋರಿಸಲಿ? ವಯರನ್ನು ಪುನಃ ಸಿಕ್ಕಿಸಿದೆ. ಚಿಕ್ಕದನ್ನು ಹೊತ್ತಿಸಿ, ಆ ಮಗುವಿನ ಮುಂದಿನ ಭಾಗದಿಂದ ಕ್ಯಾಸೆಟ್ಟು ಹಾಕಿದೆ. ಅಲ್ಲಿಂದ ಕೊನೆಯವರೆಗೆ ಒಂದಕ್ಷರ ತಪ್ಪಲಿಲ್ಲ. ಕರೆಂಟು ಕೂಡ ಹೋಗಲಿಲ್ಲ.

ಇವರು ಬಂದವರೇ ಮೊದಲು ನೋಡಿದ್ದು ಲೋಟವನ್ನು.

"ಮಿಷನಿನ ಹತ್ತಿರ ನೀರು! ನಿನ್ನ ಮಂಡೆ ಸಮ ಉಂಟಾ?"

ನಾನು ಪರದೆ ತೋರಿಸಿದೆ. ಇವರು ಓದಿದರು.

"ನೀನೇ ನಿದ್ದೆಯಲ್ಲಿ ಟೈಪ್ ಮಾಡಿದ್ದು."

"ಯಾವುದರಲ್ಲಿ? ನಿಮ್ಮ ಕೀಬೋರ್ಡ್ ಅಲ್ಲುಂಟು ನೋಡಿ."

"ಹಾಗಾದರೆ ಕ್ಯಾಸೆಟ್ಟಿನಲ್ಲೇ ಇದ್ದಿರಬೇಕು."

ಕ್ಯಾಸೆಟ್ಟನ್ನು ಚಿಕ್ಕದರಲ್ಲಿ ಹಾಕಿ ಟೀವಿಯಲ್ಲಿ ತೋರಿಸಿದೆ. ಆ ಸಾಲು ಎಲ್ಲೂ ಇರಲಿಲ್ಲ.

"ನಾಯ್ಸ್. ಹಮೀದನ ಬೆಸುಗೆ ಸರಿಯಿಲ್ಲ."

"ನಾಯ್ಸಿಗೆ ತುಳು ಬರ್ತದಾ?"

ಇವರು ಕೀಬೋರ್ಡನ್ನು ಪುನಃ ಅದರ ತೂತಿಗೆ ಸಿಕ್ಕಿಸಿ ಪ್ರಿಂಟರಿಗೆ ಕಾಗದ ತುಂಬಿಸಿದರು. ಮದುವೆ ಆದಂದಿನಿಂದ ಇವರು ಮಾತಿನಲ್ಲಿ ಸೋತದ್ದು ಅದೊಂದೇ ಸಲ. ಅದರಿಂದ ನನಗೆ ಸಮಾಧಾನವೇನೂ ಆಗಲಿಲ್ಲ. ಆ ಒಂದು ಪುಟವನ್ನು ಬೆಳಗ್ಗೆ ಸರಿಮಾಡೋಣವೆಂದು ಬದಿಗಿಟ್ಟು ಉಳಿದದ್ದನ್ನು ಅಚ್ಚು ಹಾಕಿದೆವು.

ಬೆಳಕು ಹರಿದಾಗ ತಟ್ಟೆ ತೆಗೆಯಲು ಹೋದೆ. ನೀರು ತುಂಬಿದಷ್ಟೇ ಇತ್ತು. ಬೆಲ್ಲವೂ ಇತ್ತು... ಆದರೆ ನನ್ನ ಕೈ ಅಲ್ಲೇ ನಿಂತಿತು. ಇರುವೆ ಇಲ್ಲ. ಮಂಗಳೂರಿನ ಮೇ ತಿಂಗಳಲ್ಲಿ ಬೆಲ್ಲದ ತುಂಡನ್ನು ರಾತ್ರಿಯಿಡೀ ತೆರೆದಿಟ್ಟು ನೋಡಿ. ಬೆಳಗ್ಗೆ ಇರುವೆಯ ರಾಶಿಯ ಅಡಿಯಲ್ಲಿ ಬೆಲ್ಲ ಹುಡುಕಬೇಕು. ಇಲ್ಲಿ ಒಂದೇ ಒಂದು ಇರುವೆ ಇಲ್ಲ. "ಏಸಿಯ ತಂಪಿಗೆ ಬರುವುದಿಲ್ಲ" ಎಂದರು ಇವರು. ಮುಂದಿನ ವಾರ ನಾನು ಬೇಕೆಂದೇ ಇನ್ನೊಂದು ತುಂಡನ್ನು ಅದೇ ಮೇಜಿನ ಮೇಲೆ, ಏಸಿ ಹಾಕಿಯೇ ಇಟ್ಟು ನೋಡಿದೆ. ಬೆಳಗಾಗುವಾಗ ಮೇಜಿನ ಕಾಲಿನಿಂದ ಮೇಲಿನವರೆಗೆ ಕಪ್ಪು ಸಾಲು.

ಡಾಕ್ಟರು ಬಂದದ್ದು ಬಸ್ಸಿನ ಬ್ಯಾಗಿನ ಸಮೇತ. ನಾನು ಇನ್ನೂ ಅಳಿಸದಿದ್ದ ಆ ಪುಟ ಪರದೆಯ ಮೇಲೆಯೇ ಇತ್ತು.

"ಏನು ಮೇಡಂ ಇದು, ಮಧ್ಯದಲ್ಲಿ?"

"ತುಳು. ಸ್ವಲ್ಪ ನೀರು ಕೊಡಿ ಅಂತ."

ಇವರು ನಡುವೆ ಬಾಯಿ ಹಾಕಿ ವಯರು, ಬೆಸುಗೆ ಎಂದೆಲ್ಲ ವಿವರಿಸತೊಡಗಿದರು. ಡಾಕ್ಟರು ಕೇಳುತ್ತಿರಲಿಲ್ಲ. ಆ ಸಾಲುಗಳ ಮೇಲಿದ್ದ ತಮ್ಮ ವಾಕ್ಯವನ್ನೇ ನೋಡುತ್ತಿದ್ದರು. ಕೈಯಲ್ಲಿದ್ದ ಬ್ಯಾಗನ್ನು ನೆಲಕ್ಕಿಟ್ಟರು.

"ಆ ಮಗು ಹೋದ ರಾತ್ರಿ ನನಗೆ ಡ್ಯೂಟಿ ಇರಲಿಲ್ಲ. ಚಾರ್ಟಿನಲ್ಲಿ ನಿರಾಕರಿಸಿತು ಅಂತ ಇತ್ತು, ಹಾಗೇ ಬರ್ಕೊಂಡೆ. ಮರುದಿನ ಅದರ ತಾಯಿ ವಾರ್ಡಿನ ಬಾಗಿಲಲ್ಲಿ ನನ್ನ ತಡೆದು, ಮಗು ನೀರು ಕೇಳ್ತಾನೇ ಇತ್ತು ಸಾರ್, ವಾರ್ಡಿನವರು ಕೊಡಬೇಡ ಅಂದ್ರು ಅಂತ ಹೇಳಿದಳು. ನಾನು ನಿಂತು ಕೇಳಲಿಲ್ಲ."

ಆಮೇಲೆ ಪರದೆಯ ಮೇಲೆ ಬೆರಳಿಟ್ಟು ಕೇಳಿದರು, "ಮೇಡಂ, ಆ ತುಳು ಸಾಲುಗಳ ಜೊತೆ ನನ್ನ ವಾಕ್ಯವನ್ನೂ ತೆಗೀತೀರಾ?"

"ಅದರ ಜಾಗದಲ್ಲಿ ಎಂತ ಹಾಕಲಿ?"

"ಬಾಯಿಗೆ ನೀರು ಕೊಟ್ಟಿರಲಿಲ್ಲ ಅಂತ ಹಾಕಿ. ಪರೀಕ್ಷಕರು ಕೇಳಿದ್ರೆ ನಾನು ಉತ್ತರ ಹೇಳ್ತೀನಿ."

ಕೀಬೋರ್ಡನ್ನು ಎದುರಿಗೆ ಎಳೆದುಕೊಂಡು, ನನ್ನ ಬೆರಳುಗಳಿಂದಲೇ ಆ ವಾಕ್ಯ ಟೈಪ್ ಮಾಡಿದೆ. ಅಚ್ಚಾದ ಪುಟ ಜೋಡಿಸಿ ಕೊಟ್ಟೆ. ಬಸ್ಸಿಗೆ ಹೊತ್ತಾಗಿತ್ತು, ಆದರೂ ಕೆಳಗೆ ಕೂರಿಸಿ ಬೆಲ್ಲ ನೀರು ಕೊಡದೆ ಬಿಡಲಿಲ್ಲ. ಅವರು ಗಟಗಟನೆ ಕುಡಿದು ಗೇಟಿನವರೆಗೆ ಹೋದವರು ನಿಂತರು. ತಿರುಗಿ ಬಂದರು. ಇವರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದರು.

"ಮೇಡಂ, ಅದು ತುಳುವೇ ಹೌದಾ?"

"ಹೌದು. ಯಾಕೆ?"

"ಆ ಮಗುವಿನ ಮನೆಯವರು ಬಿಜಾಪುರದ ಕಡೆಯ ಜನ. ರಸ್ತೆ ಕೆಲಸಕ್ಕೆ ಬಂದಿದ್ದೋರು. ಈ ಊರಿಗೆ ಬಂದು ವಾರಾನೂ ಆಗಿರಲಿಲ್ಲ. ಆ ಮಗುವಿಗೆ ತುಳು ಬರೋದಕ್ಕೆ ಸಾಧ್ಯ ಇಲ್ಲ."

ಬಸ್ಸು ತಪ್ಪೀತೆಂದು ಇವರು ಸ್ಕೂಟರಿನ ಹಾರ್ನು ಒತ್ತಿದರು. ಡಾಕ್ಟರು ಹೋದರು. ಥೀಸಿಸ್ ಸಮಯಕ್ಕೆ ಸೇರಿತು, ಆ ವಾಕ್ಯದ ಬಗ್ಗೆ ಯಾರೂ ಕೇಳಲಿಲ್ಲವಂತೆ.

ಆದರೆ ನನ್ನ ಪ್ರಶ್ನೆ ಹಾಗೆಯೇ ಉಳಿಯಿತು. ಆ ಮಗುವಲ್ಲವಾದರೆ ಅಂದು ನಮ್ಮ ಮೆಟ್ಟಿಲು ಹತ್ತಿ ಬಂದವರು ಯಾರು? ಆ ವಾಕ್ಯದ ಕೆಳಗೇ ಬಂದು ನಿಂತು, ನಮ್ಮ ಭಾಷೆಯಲ್ಲಿ ನೀರು ಕೇಳಿದವರು? ಮಾಮಿಯನ್ನು ಕೇಳಿದರೆ, "ಬಂದವರಿಗೆ ಕೊಟ್ಟೆಯಲ್ಲ, ಮತ್ತೆ ಎಂತ ವಿಚಾರಣೆ?" ಎಂದು ಬಾಯಿ ಮುಚ್ಚಿಸಿದರು. ಹಮೀದ್ ಆ ವಯರನ್ನು ಬಿಚ್ಚಿ ಪರೀಕ್ಷಿಸಿ ಒಯ್ದ. ಇವರು ಇಂದಿಗೂ ನಾಯ್ಸ್ ಎನ್ನುತ್ತಾರೆ.

ಅಂದು ಬೆಳಗ್ಗೆ ಲೋಟದ ನೀರನ್ನು ಕರಿಬೇವಿನ ಬುಡಕ್ಕೆ ಚೆಲ್ಲಿದೆ. ಬೆಲ್ಲವನ್ನು ಎಸೆಯಲು ಮನಸ್ಸಾಗದೆ, ಕಾಗೆಗಾದರೂ ಆಗಲಿ ಎಂದು ಕಾಂಪೌಂಡ್ ಗೋಡೆಯ ಮೇಲೆ ಇಟ್ಟೆ. ದಿನಾ ಪಾತ್ರೆ ತೊಳೆಯುವಾಗ ಅಡುಗೆಮನೆಯ ಕಿಟಕಿಯಿಂದ ಅದು ಕಾಣುತ್ತಿತ್ತು. ಕಾಗೆಗಳು ಹತ್ತಿರ ಬರುತ್ತಿದ್ದವು, ಕತ್ತು ಓರೆ ಮಾಡಿ ನೋಡುತ್ತಿದ್ದವು, ಹಾರಿಹೋಗುತ್ತಿದ್ದವು... ಮೊದಲ ಮಳೆ ಬಂದು ಕರಗಿಸಿಕೊಂಡು ಹೋಗುವವರೆಗೂ ಆ ತುಂಡು ಅಲ್ಲೇ ಇತ್ತು.